ಹಿಂದಕ್ಕೆ ಸರಿದ ಗಾಡಿಯ ತಪ್ಪು ಯಾರದು?

ಒಬ್ಬನು ತನ್ನ ಮೋಟಾರು ಗಾಡಿಯನ್ನು ಹಿಂದಕ್ಕೆ ನಡಿಸುತ್ತಿರುವಾಗ ಅದು ಇನ್ನೊಬ್ಬನ ಗಾಡಿಗಾಗಲಿ ಮೈಗಾಗಲಿ ತಗಲಿ ಕೇಡುಂಟಾದರೆ ತಪ್ಪು ಯಾರದೆಂದು ಹ್ಯಾಗೆ ಗೊತ್ತುಮಾಡತಕ್ಕದ್ದು? ಇದು ಪೋಲೀಸ್ ಠಾಣೆಗೂ ವಕೀಲರಿಗೂ ಸೇರಿದ ಮಾತು, ನಮಗೇಕೆ ಎಂದು ಕೆಲವರು ಅಂದಾರು. ಆದರೆ ಈಗ ಟ್ರ್ಯಾಕ್ಟರು ಕಣದೊಳಕ್ಕೆ ಬರುತ್ತದೆ, ಕಬ್ಬಿನ ಲಾರಿ ಹೊಲದ ಬದುವಿನ ವರೆಗೂ ಬರುತ್ತದೆ, ಹಿಂದೆ ಎತ್ತುಗಳನ್ನು ಕಟ್ಟುತ್ತಿದ್ದ ಅಂಗಳದಲ್ಲಿ ಕಾರು ನಿಲ್ಲುತ್ತದೆ. ಇಂಥ ಸ್ಥಳಗಳಲ್ಲಿ ಕೇಡು ಸಂಭವಿಸಿದಾಗ ಠಾಣೆಯವರು ಬರುವದಕ್ಕೆ ಮೊದಲೇ ನೆರೆದವರು ತೀರ್ಪು ಹೇಳಿ ಮುಗಿಸಿರುತ್ತಾರೆ. ಹಿಂದಕ್ಕೆ ಬಂದವನದೇ ತಪ್ಪು ಎಂದು ಒಬ್ಬನು ಅನ್ನುತ್ತಾನೆ. ದೊಡ್ಡ ಗಾಡಿಯವನು ಕೊಡಲಿ, ಅವನಿಗೆ ಶಕ್ತಿ ಉಂಟು ಎಂದು ಇನ್ನೊಬ್ಬನು ಅನ್ನುತ್ತಾನೆ. ಮೂರನೆಯವನು ಡ್ರೈವರನ ಊರನ್ನೂ ಜಾತಿಯನ್ನೂ ವಿಚಾರಿಸಿದ ಮೇಲೆ ತನ್ನ ಅಭಿಪ್ರಾಯವನ್ನು ಹೇಳುತ್ತಾನೆ. ಈ ಮೂವರಲ್ಲಿ ಮೊದಲನೆಯವನ ಮಾತಿನಲ್ಲಿ ಮಾತ್ರ ನ್ಯಾಯದ ಅಂಶವಿದೆ. ಅದು ಎಷ್ಟೆಂಬದನ್ನು ನೋಡೋಣ.

ಆಶ್ಚರ್ಯವೇನಂದರೆ, ನಮ್ಮ ದೇಶದ ಹಳೇ ಧರ್ಮಶಾಸ್ತ್ರವು ಇದಕ್ಕೆ ನೇರ ವಿರುದ್ಧವಾದ ತೀರ್ಪನ್ನು ಕೊಟ್ಟಿತ್ತು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಬಂಡಿಗಳಿಂದಾಗುವ ಹಾನಿಯ ವಿಚಾರವಿದೆ. ಮೂಗುದಾರ ಹರಿದ ಬಂಡಿಯಿಂದ, ನೊಗ ಮುರಿದ ಬಂಡಿಯಿಂದ, ಇಲ್ಲವೆ ಹಿಂದಕ್ಕೆ ಸರಿದ ಬಂಡಿಯಿಂದ ಯಾರಿಗಾದರೂ ಪೆಟ್ಟಾದರೆ ಒಡೆಯನು ದೋಷಕ್ಕೆ ಪಾತ್ರನಲ್ಲವೆಂದು ಅಲ್ಲಿ ಹೇಳಿದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಅರಸನಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಆ ಕಲ್ಯಾಣವೇ ಬೀದರ ಜಿಲ್ಲೆಯ ಈಗಿನ ಬಸವಕಲ್ಯಾಣ. ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ಹೆಚ್ಚುಕಡಿಮೆ ಇದೇ ರೀತಿಯಾಗಿ, ಅಚ್ಚು ಮುರಿದರೆ, ಗಾಲಿ ಮುರಿದರೆ, ಹಗ್ಗ ಹರಿದರೆ, ಬಂಡಿ ಅಡ್ಡಲಾಗಿ ಇಲ್ಲವೆ ಹಿಂದುಮುಂದಾಗಿ ತಿರುಗಿದರೆ, ಸಾರಥಿಯು ದೂರ ಸರಿಯಿರೆಂದು ಕೂಗಿದ್ದರೆ, ದಂಡವಿಲ್ಲವೆಂದು ಹೇಳುತ್ತದೆ. ಆದರೆ ಸಾರಥಿಗೆ ನಡಿಸುವ ಜಾಣತನವಿಲ್ಲದೆ ಬಂಡಿ ದಾರಿ ತಪ್ಪಿ ಹಾನಿಯಾದರೆ ಒಡೆಯನಿಗೇ ಇನ್ನೂರು ಪಣ ದಂಡ.

ಹಿಂದಕ್ಕೆ ಸರಿದ ಬಂಡಿಗೆ ಈ ಕ್ಷಮೆ ಯಾಕೆ ದೊರೆಯಿತು? ಎತ್ತಿನ ಬಂಡಿಯನ್ನು ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತುಗಳು ಬೆದರಿ ಹಿಂಜರಿದಾಗ, ಇಲ್ಲವೆ ಏರಿನಲ್ಲಿ ಹೇರು ಭಾರವಾಗಿ ಗಾಲಿಗಳು ಉರುಳಿದಾಗ, ಬಂಡಿಯು ಸಾರಥಿಯ ಮನಸ್ಸಿಗೆ ವಿರೋಧವಾಗಿ ಹಿಂದೆ ಹೋಗುವದು. ಬೇಕೆಂದು ಹಿಂದಕ್ಕೆ ನಡಿಸುವದು ಅಪರೂಪ, ನಡಿಸಿದರೂ ನಾಲ್ಕು ಮೊಳಕ್ಕಿಂತ ಹೆಚ್ಚಿಲ್ಲ. ಹರಿದ ಮೂಗುದಾರದ ಜೊತೆಗೆ ಹಿಂದಕ್ಕೆ ಸರಿಯುವದನ್ನೂ ಶಾಸ್ತ್ರಕಾರನು ಸೇರಿಸಿದ್ದು ಇದರಿಂದಲೇ ಎಂದು ನಮಗೆ ತೋರುತ್ತದೆ. ಎರಡರಲ್ಲಿಯೂ ಬಂಡಿಯು ಮನುಷ್ಯನ ಕೈ ಬಿಟ್ಟುಹೋಗಿದೆ.

ಮೋಟಾರು ಗಾಡಿಯಾದರೋ ಹಾಗಲ್ಲ. ಅದು ಬೆದರುವದಿಲ್ಲ. ಸಮನೆಲದಲ್ಲಿ ಅದು ಹಿಂದಕ್ಕೆ ಹೋಗಬೇಕಾದರೆ ನಡಿಸುವವನು ಗಾಡಿಯನ್ನು ಪೂರಾ ನಿಲ್ಲಿಸಿ, ರಿವರ್ಸ್ ಗಿಯರು ಹಾಕಿ, ಮತ್ತೆ ಹೊರಡಿಸಬೇಕು. ಅಂದರೆ ಯೋಚಿಸುವದಕ್ಕೆ ಅವನಿಗೆ ಸಮಯ ದೊರೆತಿದೆ. ಇದಲ್ಲದೆ ಅವನ ಕಣ್ಣು, ಅವನ ಪೀಠ, ಗಾಡಿಯ ದೊಡ್ಡ ಗಾಜು, ಎಲ್ಲವೂ ಮುಂದಕ್ಕೆ ಮುಖಮಾಡಿಕೊಂಡಿವೆ. ಹಿಂದೆ ಇರುವದನ್ನು ಅವನು ಕನ್ನಡಿಯ ತುಂಡುಗಳಲ್ಲಿ ಮಾತ್ರ ಕಾಣುತ್ತಾನೆ, ಮತ್ತು ಗಾಡಿಯ ಹಿಂಬದಿಗೆ ಹತ್ತಿಕೊಂಡು ಕೂತಿರುವ ಮಗುವು ಯಾವ ಕನ್ನಡಿಯಲ್ಲಿಯೂ ಕಾಣದೆ ಇರಬಹುದು. ಟ್ರೇಲರು ಕಟ್ಟಿದ ಟ್ರ್ಯಾಕ್ಟರಿನಲ್ಲಿ ಕಷ್ಟವು ಇನ್ನೂ ಹೆಚ್ಚು. ಟ್ರೇಲರಿನ ಹಿಂಬದಿಯು ಎಡಕ್ಕೆ ಹೋಗಬೇಕಾದರೆ ಚಕ್ರವನ್ನು ಮೊದಲು ಬಲಕ್ಕೆ ತಿರುಗಿಸಬೇಕು, ಹುಲ್ಲಿನ ಹೇರು ಎತ್ತರವಾಗಿದ್ದರೆ ಹಿಂದಿನ ದಾರಿಯೇ ಮುಚ್ಚಿಹೋಗುವದು. ಹೀಗೆ ಕಾಣದ ಕಡೆಗೆ, ಬೇಕೆಂದು, ಭಾರವಾದ ಯಂತ್ರವನ್ನು ನಡಿಸುವವನ ಮೇಲೆ ಎಚ್ಚರಿಕೆಯ ಹೊರೆಯು ಹೆಚ್ಚಾಗಿ ಬೀಳುವದು ನ್ಯಾಯವೇ. ಹಿಂದಕ್ಕೆ ನಡಿಸುವದರಿಂದ ಯಾರಿಗೂ ಅಪಾಯವಾಗುವದಿಲ್ಲವೆಂಬದನ್ನು ಅವನು ಮೊದಲು ತಾನೇ ನಿಶ್ಚಯಮಾಡಿಕೊಳ್ಳಬೇಕು. ಹಳೇ ಕಾಲದಲ್ಲಿ ಯಾವ ಮಾತು ಬಂಡಿಯವನನ್ನು ಬಿಡಿಸುತ್ತಿತ್ತೋ ಅದೇ ಮಾತು ಈಗ ಮೋಟಾರಿನವನನ್ನು ಕಟ್ಟಿಹಾಕುತ್ತದೆ. ನ್ಯಾಯವು ಬದಲಾಗಲಿಲ್ಲ, ಗಾಡಿಯು ಬದಲಾಯಿತು.

ಇಲ್ಲಿ ಹಾರ್ನು ಹೊಡೆದೆನಲ್ಲಾ ಎಂಬ ಉತ್ತರವನ್ನೂ ವಿಚಾರಿಸಬೇಕು. ಕೂಗಿದವನಿಗೆ ದಂಡವಿಲ್ಲವೆಂದು ಶಾಸ್ತ್ರದಲ್ಲಿ ಇದ್ದದ್ದು ನಿಜ. ಭಾರತದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಹಿಂದೆ ಏನಾದರೂ ಅಡ್ಡವಿದ್ದರೆ ಸದ್ದುಮಾಡಿ ತಿಳಿಸುವ ಸಾಧನವನ್ನು ಇಡಲೇಬೇಕೆಂಬ ಕಟ್ಟಳೆಯೂ ಇದೆ. ಆದರೆ ಆ ಸದ್ದು ಒಳಗೆ ಕೂತವನಿಗೆ ಹೊರತು ಹೊರಗೆ ನಿಂತವನಿಗಲ್ಲ. ಹೊರಗಿನ ಕೂಗಾದರೋ ಕೇಳಿ ತಿಳಿದು ಸರಿಯಬಲ್ಲವನಿಗೆ ಮಾತ್ರ ಎಚ್ಚರಿಕೆಯಾಗುವದು. ಕಿವಿ ಕೇಳದ ಮುದುಕಿಗೂ, ಎರಡು ವರುಷದ ಕೂಸಿಗೂ, ಕಟ್ಟಿಹಾಕಿದ ಕರುವಿಗೂ ಹಾರ್ನು ಹೊಡೆದು ಪ್ರಯೋಜನವೇನು? ಯಾಜ್ಞವಲ್ಕ್ಯನೇ ಮುಂದಿನ ಶ್ಲೋಕದಲ್ಲಿ ಕೂಗಿನ ಇನ್ನೊಂದು ಮುಖವನ್ನು ತೋರಿಸಿದ್ದಾನೆ. ಕೋರೆಯ ಇಲ್ಲವೆ ಕೊಂಬಿನ ಪ್ರಾಣಿಯ ಬಾಯಿಗೆ ಸಿಕ್ಕಿದವನನ್ನು ಬಿಡಿಸಲು ಶಕ್ತಿಯಿದ್ದರೂ ಬಿಡಿಸದ ಒಡೆಯನಿಗೆ ದಂಡವುಂಟು, ಸಿಕ್ಕಿದವನು ಕೂಗಿಕೊಂಡಿದ್ದರೆ ಆ ದಂಡವು ಎರಡರಷ್ಟು. ಡ್ರೈವರನ ಕೂಗು ಅವನ ಹೊಣೆಯನ್ನು ಸ್ವಲ್ಪ ಇಳಿಸಿದರೆ, ಹಿಂದಿನಿಂದ ಬಂದ ನಿಲ್ಲಿಸು ನಿಲ್ಲಿಸು ಎಂಬ ಕೂಗನ್ನು ಕೇಳಿಯೂ ಗಾಡಿಯನ್ನು ಬಿಟ್ಟವನ ಹೊಣೆಯು ಇಮ್ಮಡಿಯಾಗುವದು. ಹಾಡಿನ ಪೆಟ್ಟಿಗೆಯನ್ನು ಗಟ್ಟಿಯಾಗಿ ಹಚ್ಚಿಕೊಂಡು ಹಿಂದಕ್ಕೆ ನಡಿಸುವವರು ಇದನ್ನು ಯೋಚಿಸುವರೋ?

ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿರುವ ಹಾಯುವ ಎತ್ತಿನ ನ್ಯಾಯವನ್ನು ನಮ್ಮ ವಾಚಕರು ಬಲ್ಲರು. ಹಿಂದೆ ಹಾಯದ ಎತ್ತು ಒಮ್ಮೆ ಹಾಯ್ದು ಕೊಂದರೆ ಎತ್ತು ಹೋಗುವದು, ಒಡೆಯನು ನಿರ್ದೋಷಿ. ಆದರೆ ಅದು ಹಾಯುವದೆಂದು ಒಡೆಯನಿಗೆ ಮೊದಲೇ ತಿಳಿಸಿದ್ದರೂ ಅವನು ಕಟ್ಟದೆ ಹೋದರೆ ತಪ್ಪು ಅವನ ತಲೆಯ ಮೇಲೆ ಬರುವದು. ಕೇಡು ಒಂದೇ, ಕೊಂಬೂ ಒಂದೇ, ವ್ಯತ್ಯಾಸವು ಒಡೆಯನ ತಿಳಿವಳಿಕೆಯಲ್ಲಿದೆ. ಹಾಗೆಯೇ ಬೆಳಗಾದರೆ ಮಕ್ಕಳು ಆಡುವ ಅಂಗಳವೆಂದು ತಿಳಿದೂ ಇಳಿದು ನೋಡದೆ ಗಾಡಿ ಹಿಂತೆಗೆದವನಿಗೂ, ಅಪರಾತ್ರಿಯಲ್ಲಿ ಯಾರೂ ಇರದ ಹೊಲದಲ್ಲಿ ಹಿಂತೆಗೆದವನಿಗೂ ಒಂದೇ ತೂಕದ ತಪ್ಪನ್ನು ಹೊರಿಸಲಾಗದು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಹಿಂದಕ್ಕೆ ಬಂದವನದೇ ಯಾವಾಗಲೂ ಪೂರಾ ತಪ್ಪೋ ಎಂದರೆ, ಅಲ್ಲ. ಈ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಾಧಿಪತಿಗಳು ಬಹು ಕಾಲ ತೊಳಲಾಡಿದರು. ಡರ್ಬಿ ಪಟ್ಟಣದಲ್ಲಿ ಒಬ್ಬನು ಮನೆ ರಿಪೇರಿಗಾಗಿ ದಾರಿಗೆ ಅಡ್ಡಲಾಗಿ ಒಂದು ಗಳವನ್ನು ಇಟ್ಟಿದ್ದನು. ದೀಪ ಹಚ್ಚುವ ಹೊತ್ತಿಗೆ ಇನ್ನೊಬ್ಬನು ಕುದುರೆಯನ್ನು ಜೋರಾಗಿ ಓಡಿಸಿಕೊಂಡು ಬಂದು ಅದಕ್ಕೆ ತಾಗಿ ಬಿದ್ದು ಬಹಳ ಪೆಟ್ಟುಪಟ್ಟನು. ನೂರು ಗಜ ದೂರದಿಂದ ಗಳವು ಕಾಣುವಷ್ಟು ಬೆಳಕು ಇನ್ನೂ ಇತ್ತಂತೆ. 1809ರಲ್ಲಿ ನ್ಯಾಯಸ್ಥಾನವು, ನೋಡಿಕೊಂಡು ಬಾರದವನಿಗೆ ಏನೂ ಸಿಗದು ಎಂದು ತೀರ್ಮಾನಿಸಿತು. ಹೀಗೆ, ಸ್ವಲ್ಪ ತಪ್ಪಿದ್ದವನೂ ಎಲ್ಲವನ್ನು ಕಳಕೊಳ್ಳುವ ಕಠಿಣವಾದ ಕಟ್ಟಳೆ ಹುಟ್ಟಿತು.

ಇದರ ನಂತರ 1842ರಲ್ಲಿ ಒಂದು ಕತ್ತೆಯ ವ್ಯಾಜ್ಯವು ಬಂತು. ಒಡೆಯನು ಅದರ ಮುಂಗಾಲುಗಳನ್ನು ಕಟ್ಟಿ ದಾರಿಯಲ್ಲಿ ಮೇಯಲು ಬಿಟ್ಟಿದ್ದನು, ಅದು ಅವನ ತಪ್ಪೇ. ಇಳಿಜಾರಿನಲ್ಲಿ ಮೂರು ಕುದುರೆಗಳ ಬಂಡಿಯೊಂದು ರಭಸವಾಗಿ ಬಂದು ಕತ್ತೆಯನ್ನು ಕೆಡವಿ ಕೊಂದಿತು. ಕಾಲು ಕಟ್ಟಿದ ಕತ್ತೆಯು ಸರಿಯಲಾರದು, ಬಂಡಿಯವನಾದರೋ ತಕ್ಕ ವೇಗದಲ್ಲಿ ನಡಿಸಿದ್ದರೆ ತಪ್ಪಿಸಬಹುದಾಗಿತ್ತು. ಆದಕಾರಣ ಕತ್ತೆಯ ಒಡೆಯನಿಗೆ ಬೆಲೆಯನ್ನು ಕೊಡಿಸಿದರು. ಕೇಡನ್ನು ತಪ್ಪಿಸುವ ಕಡೇ ಅವಕಾಶ ಯಾರ ಕೈಯಲ್ಲಿತ್ತೋ ಅವನೇ ಹೊಣೆಗಾರನೆಂಬ ಕಟ್ಟಳೆಯು ಇದರಿಂದ ಬೆಳೆಯಿತು. ಇದು ಮೊದಲನೆಯದಕ್ಕಿಂತ ದಯೆಯುಳ್ಳದ್ದು, ಆದರೂ ಭಾರವನ್ನೆಲ್ಲಾ ಒಬ್ಬನ ಹೆಗಲಿಗೇ ಹಾಕುವದರಲ್ಲಿ ಎರಡೂ ಒಂದೇ. ಕಡೆಗೆ 1945ರಲ್ಲಿ ಆ ದೇಶದ ಪಾರ್ಲಿಮೆಂಟು ಕಾಯಿದೆ ಮಾಡಿ, ತಪ್ಪು ಇಬ್ಬರದಾಗಿದ್ದರೆ ಅವರವರ ಪಾಲಿಗೆ ತಕ್ಕಂತೆ ಪರಿಹಾರವನ್ನು ಕಡಿಮೆಮಾಡಬೇಕೆಂದು ಗೊತ್ತುಮಾಡಿತು. ನಮ್ಮ ದೇಶದ ಕೋರ್ಟುಗಳೂ ತಪ್ಪನ್ನು ಹೀಗೆ ಪಾಲು ಹಾಕುತ್ತವೆ. ಹಿಸ್ಸೆಯ ಲೆಕ್ಕವನ್ನು ಬಲ್ಲ ಒಕ್ಕಲು ಮಕ್ಕಳಿಗೆ ಇದು ಕಷ್ಟದ ಮಾತಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಬ್ಬು ತುಂಬುವದಕ್ಕಾಗಿ ಲಾರಿಯೊಂದು ಹೊಲದ ದಾರಿಗೆ ಹಿಂದಕ್ಕೆ ಬರುತ್ತಿದೆ. ಕ್ಲೀನರು ಹಿಂದೆ ನಿಂತು ಸೀಟಿ ಊದುತ್ತಿದ್ದಾನೆ, ಹಿಂದಿನ ಬಿಳೀ ದೀಪವು ಹತ್ತಿದೆ, ಲಾರಿಯು ಆಮೆಯ ಹಾಗೆ ಸರಿಯುತ್ತಿದೆ. ಬೈಕಿನ ಮೇಲೆ ಒಬ್ಬನು ಬಂದು, ಕ್ಲೀನರು ಕೈ ಅಡ್ಡ ಹಿಡಿದರೂ ಲೆಕ್ಕಿಸದೆ, ಲಾರಿಗೂ ಗಿಡಕ್ಕೂ ನಡುವಿನ ಸಂದಿಯಲ್ಲಿ ನುಗ್ಗುತ್ತಾನೆ ಮತ್ತು ಸಿಕ್ಕಿಕೊಂಡು ಕಾಲು ಮುರಕೊಳ್ಳುತ್ತಾನೆ. ಇಲ್ಲಿ ಹಿಂದಕ್ಕೆ ಬಂದವನದೇ ತಪ್ಪೆಂದು ಲಾರಿಯವನನ್ನು ಹೊಡೆಯುವದು ಅನ್ಯಾಯ. ಆದರೆ ಅದೇ ಲಾರಿಯು ಅಡ್ಡದಾರಿಯಿಂದ ಹೆದ್ದಾರಿಗೆ ಹಿಂಬದಿಯಿಂದಲೇ ಹೊರಬಿದ್ದಿದ್ದರೆ, ಬೈಕಿನವನು ಸ್ವಲ್ಪ ವೇಗವಾಗಿಯೇ ಬಂದಿದ್ದರೂ, ಹೆಚ್ಚಿನ ಪಾಲು ಲಾರಿಯದೇ. ಯಾಕಂದರೆ ಹೆದ್ದಾರಿಯಲ್ಲಿ ಹೋಗುವವನು ತನ್ನ ಮುಂದೆ ಒಂದು ಗೋಡೆಯು ಹಿಂದುಹಿಂದಾಗಿ ಬಂದು ನಿಲ್ಲುವದೆಂದು ಎದುರುನೋಡಬೇಕಾಗಿಲ್ಲ. ಸಂತೆಯ ಮೈದಾನದಲ್ಲಿ ಎರಡು ಕಾರುಗಳು ಎದುರುಬದುರು ಸಾಲುಗಳಿಂದ ಒಂದೇ ಸಮಯಕ್ಕೆ ಹಿಂದಕ್ಕೆ ಬಂದು ಬೆನ್ನಿಗೆ ಬೆನ್ನು ತಾಗಿಸಿಕೊಂಡರೆ, ಬೇರೆ ಕಾರಣ ಕಾಣದಿದ್ದರೆ, ಅರ್ಧರ್ಧ ಅನ್ನುವದೇ ಸರಿ.

ಸೀಟಿ ಊದುವ ಹುಡುಗನ ಮಾತು ಬಂತಲ್ಲಾ. ಅವನು ಬರಲಿ ಬರಲಿ ಎಂದು ಕೂಗಿದ್ದನ್ನು ನಂಬಿ ಡ್ರೈವರನು ಬಂದನು, ಕೇಡಾಯಿತು. ಈಗ ಡ್ರೈವರನು ಹುಡುಗನನ್ನು ತೋರಿಸುತ್ತಾನೆ. ನಮ್ಮ ವಿಚಾರವೇನಂದರೆ, ಇನ್ನೊಬ್ಬನ ಕಣ್ಣನ್ನು ಎರವಾಗಿ ತಕ್ಕೊಂಡವನು ಆ ಕಣ್ಣಿನ ತಪ್ಪಿಗೂ ಹೊಣೆಯಾಗುತ್ತಾನೆ, ವಿಶೇಷವಾಗಿ ಆ ಕಣ್ಣು ಹದಿನಾಲ್ಕು ವರುಷದ ಕೂಲಿಯ ಹುಡುಗನದಾಗಿದ್ದರೆ. ಪೆಟ್ಟುಪಟ್ಟವನಿಗಾದರೋ ಇವರಿಬ್ಬರ ಜಗಳದಿಂದ ನಷ್ಟವಿಲ್ಲ. ತನ್ನ ತಪ್ಪೇನೂ ಇಲ್ಲದೆ ಇಬ್ಬರ ಅಜಾಗ್ರತೆಯಿಂದ ಹಾನಿಯಾದವನು ಅವರಲ್ಲಿ ಯಾರಿಂದಾದರೂ ಪೂರಾ ಪರಿಹಾರವನ್ನು ಕೇಳಬಹುದೆಂದು ನಮ್ಮ ಸುಪ್ರೀಮ್ ಕೋರ್ಟು 2008ರ ಒಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನು ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆಗೆ ಬರುತ್ತೇವೆ. ನಡೆದದ್ದು ಏನೆಂದೇ ತಿಳಿಯದಿದ್ದರೆ? ಎರಡು ಗಾಡಿಗಳು ಒಂದರ ಹಿಂದೊಂದು ಘಟ್ಟದ ಏರಿನಲ್ಲಿ ನಿಂತಿದ್ದವು ಎಂದುಕೊಳ್ಳಿರಿ. ಮುಂದಿನದರ ಹಿಂಬದಿಯೂ ಹಿಂದಿನದರ ಮೂತಿಯೂ ನುಗ್ಗಾದವು. ಇವನು ಹಿಂದಿನಿಂದ ಬಂದು ಗುದ್ದಿದನೆಂದು ಮುಂದಿನವನು ಹೇಳುತ್ತಾನೆ. ಇವನೇ ಜಾರಿ ಹಿಂದಕ್ಕೆ ಬಂದನೆಂದು ಹಿಂದಿನವನು ಹೇಳುತ್ತಾನೆ. ನುಗ್ಗಾದ ತಗಡು ಎರಡೂ ಮಾತಿಗೆ ಸಮನಾಗಿ ಒಪ್ಪುವದು, ಯಾಕಂದರೆ ಯಾವದು ಚಲಿಸಿತು ಯಾವದು ನಿಂತಿತ್ತು ಎಂಬದನ್ನು ತಗಡು ಹೇಳಲಾರದು. ಸಾಮಾನ್ಯವಾಗಿ ಲೋಕವು ಹಿಂದಿನವನದೇ ತಪ್ಪೆಂದು ಊಹಿಸುವದು, ಮತ್ತು ಸುಳ್ಳುಗಾರನಿಗೆ ಈ ಊಹೆಯು ಒಳ್ಳೇ ಆಸರೆಯಾಗುವದು. ಪರೀಕ್ಷಕರು ಕೆಲವು ಗುರುತುಗಳನ್ನು ಹುಡುಕುತ್ತಾರೆ. ಬಲವಾಗಿ ಬ್ರೇಕು ಹಾಕಿದ ಗಾಡಿಯ ಮೂತಿಯು ಕೆಳಕ್ಕೆ ಬಗ್ಗುವದರಿಂದ ಅದರ ಪೆಟ್ಟಿನ ಗುರುತು ತಗ್ಗಿನಲ್ಲಿರುವದು. ತಂತಿಯ ಬಲ್ಬು ಇರುವ ಗಾಡಿಯಲ್ಲಿ, ಹಿಂದಕ್ಕೆ ಹೋಗುವಾಗ ಹತ್ತುವ ದೀಪವು ಪೆಟ್ಟಿನ ಕ್ಷಣದಲ್ಲಿ ಉರಿಯುತ್ತಿದ್ದರೆ ಅದರ ಕಾದ ತಂತಿಯು ಎಳೆದು ಸೊಟ್ಟಗಾಗುವದು, ಆರಿದ್ದರೆ ಹಾಗಾಗದು. ಆದರೆ ಗಿಯರು ಹಾಕದೆ ಸುಮ್ಮನೆ ಜಾರಿದ ಗಾಡಿಯಲ್ಲಿ ಆ ದೀಪವೇ ಹತ್ತುವದಿಲ್ಲ. ಆಗ ಉಳಿಯುವದು ಸಾಕ್ಷಿಯ ಮಾತೊಂದೇ.

ಮತ್ತು ಸಾಕ್ಷಿಯ ಸಂಗತಿಯಲ್ಲಿ ನಮ್ಮ ಹಳ್ಳಿಗಳ ನಡತೆಯು ಹ್ಯಾಗಿದೆ? ಕಂಡವರು ಕಾಣಲಿಲ್ಲವೆಂದು ಮನೆಗೆ ಹೋಗುತ್ತಾರೆ, ಕಾಣದವರು ಕಂಡೆವೆಂದು ಮುಂದೆ ಬರುತ್ತಾರೆ. ನಡಿಸಿದವನಿಗೆ ಲೈಸೆನ್ಸು ಇಲ್ಲದಿದ್ದರೆ ಲೈಸೆನ್ಸು ಇದ್ದ ತಮ್ಮನನ್ನು ಠಾಣೆಗೆ ಕಳುಹಿಸುವದು, ಗೋಡೆಗೆ ತಾಗಿದ್ದನ್ನು ಬೇರೆ ಗಾಡಿ ತಾಗಿತೆಂದು ಬರೆಸುವದು, ಇನ್ಶೂರೆನ್ಸಿನವರದು ತಾನೇ, ಬಡವರದೇನೂ ಅಲ್ಲವೆಂದು ಸಮಾಧಾನ ಹೇಳಿಕೊಳ್ಳುವದು, ಇವನ್ನೆಲ್ಲಾ ನಾವು ಕೇಳಿದ್ದೇವೆ, ಮತ್ತು ಇವು ಸಭೆಯವರಲ್ಲಿ ನಡೆಯುವದೇ ಇಲ್ಲವೆಂದು ಹೇಳಲಾರೆವು. ಇಂಥ ಒಂದು ಮಾತಿನಿಂದ ನಿರಪರಾಧಿಯಾದ ಡ್ರೈವರನು ವರುಷಗಟ್ಟಲೆ ಕೋರ್ಟಿಗೆ ತಿರುಗುತ್ತಾನೆ, ಇಲ್ಲವೆ ಕಾಲು ಮುರಿದವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ತಪ್ಪಿನ ಪಾಲು ಹಾಕುವ ನ್ಯಾಯಾಧಿಪತಿಯು ತಕ್ಕಡಿಯನ್ನು ಸರಿಯಾಗಿ ಹಿಡಿದರೂ ಕಲ್ಲುಗಳನ್ನು ತಂದುಕೊಡುವವರು ಸಾಕ್ಷಿಗಳೇ.

ತಪ್ಪು ಯಾರದೆಂದು ತಿಳಿಯುವದಕ್ಕೆ ಮೊದಲೇ ಮಾಡಬೇಕಾದದ್ದೂ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯ 134ನೆಯ ಕಲಮಿನ ಪ್ರಕಾರ ಚಾಲಕನು ಪೆಟ್ಟುಪಟ್ಟವನಿಗೆ ವೈದ್ಯ ಸಹಾಯವನ್ನು ಒದಗಿಸತಕ್ಕದ್ದು. ಜನರ ಗುಂಪಿನ ಕೋಪದಿಂದ ಇಲ್ಲವೆ ಅವನ ಕೈಮೀರಿದ ಬೇರೆ ಕಾರಣದಿಂದ ಅದು ಅಸಾಧ್ಯವಾದಾಗ ಮಾತ್ರ ಬಿಡುಗಡೆಯುಂಟು. ಕಾಯಿದೆ ಬರೆದವರು ನಮ್ಮ ಗುಂಪುಗಳ ಕೋಪವನ್ನು ಗಾಳಿಮಳೆಯ ಹಾಗೆ ಲೆಕ್ಕಕ್ಕೆ ತಕ್ಕೊಳ್ಳಬೇಕಾಯಿತೆಂಬದು ನಮಗೆ ಗೌರವದ ಮಾತಲ್ಲ. ಡ್ರೈವರನನ್ನು ಹೊಡೆಯಲು ಓಡಿಬಂದವರೇ ಅವನು ಗಾಯಗೊಂಡವನನ್ನು ಆಸ್ಪತ್ರೆಗೆ ಒಯ್ಯದಂತೆ ಮಾಡುತ್ತಾರೆ. ಅದೇ ಕಾಯಿದೆಯಲ್ಲಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ 164ನೆಯ ಕಲಮು, ಯಾರ ತಪ್ಪೆಂದು ಸ್ಥಾಪಿಸದೆಯೇ, ಮರಣಕ್ಕೆ 5 ಲಕ್ಷ ರೂಪಾಯಿಯನ್ನೂ ಭಾರೀ ಗಾಯಕ್ಕೆ 2.5 ಲಕ್ಷ ರೂಪಾಯಿಯನ್ನೂ ಗಾಡಿಯ ಒಡೆಯನು ಇಲ್ಲವೆ ಇನ್ಶೂರೆನ್ಸಿನವರು ಕೊಡಬೇಕೆಂದು ವಿಧಿಸುತ್ತದೆ. ತಪ್ಪಿನ ಪ್ರಶ್ನೆಯು ಬೇರೆ, ವಿಧವೆಯ ಹಸಿವು ಬೇರೆ ಎಂಬದನ್ನು ಕಾಯಿದೆಯೇ ಒಪ್ಪಿಕೊಂಡಂತಾಯಿತು.

ಕಾಯಿದೆಯು ತಲಪಲಾರದ ಮೂಲೆಯೊಂದು ಉಳಿಯುತ್ತದೆ. ಇಂಗ್ಲಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಎಂಬವನು 1976ರಲ್ಲಿ ಇದನ್ನು ವಿಚಾರಿಸಿದನು. ತನ್ನ ತಪ್ಪು ಸ್ವಲ್ಪವೂ ಇಲ್ಲದೆ ಒಬ್ಬ ಲಾರಿಯವನಿಂದ ಮಗುವೊಂದು ಸತ್ತರೆ, ಅವನ ವ್ಯಥೆಯು ದಾರಿಯಲ್ಲಿ ನಿಂತು ನೋಡಿದವನ ವ್ಯಥೆಯ ಹಾಗಿರುವದಿಲ್ಲ, ಹಾಗಿರಲೂಬಾರದು. ನಿನ್ನ ತಪ್ಪಿಲ್ಲವೆಂದು ಎಲ್ಲರೂ ಹೇಳಿದ ಕೂಡಲೆ ಅವನು ಸುಖವಾಗಿ ಊಟಮಾಡಿದರೆ ನಮಗೆ ಅವನಲ್ಲಿ ಏನೋ ಕೊರತೆ ಕಾಣುವದು. ಇದು ಸರಿಯೆಂದು ನಮಗೂ ತೋರುತ್ತದೆ. ಆದರೆ ಆ ವ್ಯಥೆಯನ್ನು ಅಪರಾಧವೆಂದು ತಿಳಿಯಲಾಗದು, ಅದನ್ನು ತಪ್ಪೊಪ್ಪಿಗೆಯೆಂದು ಹಿಡಿದು ಅವನ ಮೇಲೆ ಬೀಳಲೂಬಾರದು. ಅಳುತ್ತಿದ್ದಾನಲ್ಲಾ, ತಪ್ಪು ಮಾಡಿಯೇ ಇರಬೇಕು ಎಂಬ ಮಾತನ್ನು ನಾವು ಅನೇಕ ಸಾರಿ ಕೇಳಿದ್ದೇವೆ.

ಅಮೇರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ 2002ರಲ್ಲಿ ಒಬ್ಬ ಮಕ್ಕಳ ವೈದ್ಯನು ರಾತ್ರಿ ತನ್ನ ಮನೆಯ ಅಂಗಳದಲ್ಲಿ ಕಾರನ್ನು ಹಿಂದಕ್ಕೆ ನಡಿಸುತ್ತಿದ್ದನು. ಕನ್ನಡಿಗಳನ್ನು ನೋಡಿಯೇ ನಡಿಸಿದನು. ಅವನ ಎರಡು ವರುಷದ ಮಗನು ಕಾಣದ ಜಾಗದಲ್ಲಿ ಬಂದು ನಿಂತಿದ್ದನು, ಮತ್ತು ಆ ಚಕ್ರದಡಿಯಲ್ಲಿ ಸತ್ತನು. ನಮ್ಮ ಊರುಗಳಲ್ಲಾದರೆ ಮಗುವನ್ನು ಹೊರಗೆ ಬಿಟ್ಟವರು ಯಾರೆಂದು ತಾಯಿಯನ್ನು ಬೈಯಲು ನೆರೆಹೊರೆಯವರು ತಡಮಾಡುತ್ತಿರಲಿಲ್ಲ. ಆ ತಂದೆಯು ತನ್ನ ಪಾಲು ಎಷ್ಟು, ಕಾರು ಮಾಡಿದವರ ಪಾಲು ಎಷ್ಟು ಎಂದು ಲೆಕ್ಕಹಾಕುತ್ತಾ ಕೂತುಕೊಳ್ಳದೆ, ಇಂಥದೇ ದುಃಖವನ್ನು ಕಂಡ ಬೇರೆ ತಂದೆತಾಯಿಗಳ ಸಂಗಡ ಸೇರಿ, ಹಿಂದೆ ಇರುವದು ಕಾಣುವಂತೆ ಕಾರುಗಳನ್ನು ಮಾಡಬೇಕೆಂದು ಸರಕಾರದ ಬಾಗಿಲನ್ನು ವರುಷಗಳ ವರೆಗೆ ತಟ್ಟಿದನು. 2008ರಲ್ಲಿ ಆ ಮಗುವಿನ ಹೆಸರಿನಲ್ಲಿಯೇ ಕಾಯಿದೆಯಾಯಿತು. 2018ರ ಮೇ ತಿಂಗಳಿಂದ ಆ ದೇಶದಲ್ಲಿ ಮಾರುವದಕ್ಕಾಗಿ ತಯಾರಾಗುವ ಪ್ರತಿಯೊಂದು ಹೊಸ ಕಾರಿನಲ್ಲಿ ಹಿಂದಿನ ನೆಲವನ್ನು ತೋರಿಸುವ ಕ್ಯಾಮೆರಾ ಇರಲೇಬೇಕು.